ವಿಷಯ: ಸೊಳ್ಳೆಗಳ ಹಾವಳಿ ಕುರಿತು

ನಮ್ಮ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ 'ಅರ್ಜಿ' ಅಂತ ಒಂದು ಫೋಲ್ಡರ್ ಇದೆ. ಹದಿಮೂರು ವರ್ಷದ್ದು. ಜಾತಿ ಪ್ರಮಾಣಪತ್ರ, ಪಹಣಿ ತಿದ್ದುಪಡಿ, ರೇಷನ್ ಕಾರ್ಡು ಎಲ್ಲ ಬೇರೆ ಬೇರೆ ಕಡೆ ಇವೆ. ಇದರಲ್ಲಿರುವುದು ಬರೀ ಗಟಾರ, ಕಸ, ನಳದ ನೀರು, ಸೊಳ್ಳೆ, ಬೀದಿನಾಯಿ, ಹಂದಿ. ಬಳ್ಳಾರಿಯ ಅರ್ಧ ಹೊಲಸು ನಿನ್ನ ಹಾರ್ಡ್ ಡಿಸ್ಕಿನಾಗೇ ಐತಿ ಅಂತ ನಮ್ಮ ಮನೆಯವರು ನಗುತ್ತಾರೆ. ನುಡಿ ತಂತ್ರಾಂಶದಲ್ಲಿ ಒಂದು ಪುಟ ಟೈಪ್ ಮಾಡಿ ಪ್ರಿಂಟ್ ಕೊಟ್ಟರೆ ಮೂವತ್ತು ರೂಪಾಯಿ, ಸ್ವೀಕೃತಿಗೆ ಇನ್ನೊಂದು ಪ್ರತಿ ಬೇಕೆಂದರೆ ಎರಡು ರೂಪಾಯಿ ಜಾಸ್ತಿ. ಓದು ಬಾರದ ಅಜ್ಜಿಯಿಂದ ಹಿಡಿದು ಎಂಜಿನಿಯರಿಂಗ್ ಮುಗಿಸಿದ ಹುಡುಗರವರೆಗೆ ಎಲ್ಲರೂ ಬರುತ್ತಾರೆ. ಇಂಗ್ಲಿಷಿನಲ್ಲಿ ಇಡೀ ಪ್ರಾಜೆಕ್ಟ್ ರಿಪೋರ್ಟ್ ಬರೆದವನಿಗೂ "ಮಾನ್ಯರೆ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರು ಮಾಡಲು ಬರುವುದಿಲ್ಲ. ನನ್ನ ಹೊಟ್ಟೆ ತುಂಬುವುದು ಆ 'ಏನೆಂದರೆ'ಯಿಂದ.

ಒಂದೇ ಒಂದು ಸಾಲು ಮಾತ್ರ ಎಲ್ಲ ಅರ್ಜಿಯಲ್ಲೂ ಇರುತ್ತದೆ. ನಾನು ಅದನ್ನು ಪ್ರತಿ ಸಲ ಟೈಪ್ ಮಾಡುವುದೂ ಇಲ್ಲ, ಹಳೆಯದರಿಂದ ಎತ್ತಿ ಅಂಟಿಸುತ್ತೇನೆ: "ಇದರಿಂದ ಉಂಟಾಗುವ ದುರ್ವಾಸನೆಯಿಂದ ಸಾಂಕ್ರಾಮಿಕ ರೋಗ ಹರಡುವ ಭೀತಿ ಇರುತ್ತದೆ." ಗಟಾರ ಕಟ್ಟಿಕೊಂಡರೂ ಇದೇ ಸಾಲು, ನಾಯಿ ಸತ್ತು ಬಿದ್ದರೂ ಇದೇ ಸಾಲು. ಒಮ್ಮೆ ಬೀದಿ ದೀಪ ಕೆಟ್ಟ ಅರ್ಜಿಯಲ್ಲೂ ಮರೆತು ಉಳಿದುಹೋಗಿತ್ತು. ಅದು ಹಾಗೇ ಹೋಯಿತು, ದೀಪವೂ ಹತ್ತಿತು.

ಈ ಕಸುಬು ನನಗೆ ಕಲಿಸಿದ್ದು ಕಚೇರಿ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದ ಒಬ್ಬ ಬಾಂಡ್ ರೈಟರ್. ಅವರನ್ನು ನಾನು ಮಾವ ಅಂತಲೇ ಕರೆಯುತ್ತಿದ್ದೆ. ನಾನು ಅಂಗಡಿ ಇಟ್ಟಾಗ ಅವರ ಗಿರಾಕಿಗಳೇ ಇತ್ತ ತಿರುಗಿದರು, ಆದರೂ ಮನುಷ್ಯ ಮುನಿಸಿಕೊಳ್ಳಲಿಲ್ಲ. ನನ್ನ ಮೊದಮೊದಲ ಅರ್ಜಿಗಳನ್ನು ಓದಿ ಕನ್ನಡಕದ ಮೇಲಿಂದ ನೋಡಿದರು. "ಏನ್ ತಂಗಿ, ಅಸಹನೀಯ, ಅಸಹ್ಯ, ನರಕಸದೃಶ ಅಂತೆಲ್ಲ ಬರ್ದೀಯಲ್ಲ. ವಾಸನಿ ಕಾಗದದಾಗ ಬರಂಗಿಲ್ಲ. ಕಂಬದ ನಂಬರ್ ಬರಿ. ಯಾರ ಮನಿ ಮುಂದ, ಎಷ್ಟು ದಿನದಿಂದ, ಯಾವ ಚೇಂಬರ್. ಆರೋಗ್ಯ ಶಾಖೆಯವ ಅರ್ಜಿ ಓದಂಗಿಲ್ಲ, ಜಾಗ ಹುಡುಕ್ತಾನ." ಅವತ್ತಿನಿಂದ ಲೈಟ್ ಕಂಬದ ನಂಬರ್ ಇಲ್ಲದೆ ನಾನು ಪ್ರಿಂಟ್ ಕೊಡುವುದಿಲ್ಲ. ಗಿರಾಕಿ ಬೈದುಕೊಂಡು ಮನೆಗೆ ಹೋಗಿ ನೋಡಿ ಬರುತ್ತಾನೆ.

ಎರಡನೆಯ ಪಾಠ ವಿಳಾಸದ್ದು. ಓಣಿಯ ತೆರೆದ ಮೋರಿ ಪಾಲಿಕೆಯ ಆರೋಗ್ಯ ಶಾಖೆಗೆ. ಒಳಚರಂಡಿ ಚೇಂಬರ್ ಉಕ್ಕಿದರೆ ಯುಜಿಡಿಯವರಿಗೆ, ನೀರು ಚಿಮ್ಮಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್ ಗಾಡಿ ಅವರ ಕೈಯಲ್ಲಿ. ನಳಕ್ಕೆ ನೀರು ಸರಬರಾಜು ವಿಭಾಗ. ಸೊಳ್ಳೆಗೆ ಆರೋಗ್ಯ ಶಾಖೆಯ ಹೊಗೆ ಗಾಡಿ ಬರುತ್ತದೆ, ಜ್ವರ ಬಂದರೆ ಮಾತ್ರ ಜನ ಇನ್ನೂ 'ಮಲೇರಿಯಾ ಆಫೀಸು' ಎನ್ನುವ ಜಿಲ್ಲಾ ಕಚೇರಿ. ಜೀನ್ಸ್ ತೊಳೆಯುವ ಬಣ್ಣದ ನೀರು ಮೋರಿಗೆ ಬಂದು ಗಟಾರ ನೀಲಿಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿ. ನಮ್ಮೂರಿನ ಜೀನ್ಸ್ ಪ್ಯಾಂಟು ದೇಶವೆಲ್ಲ ತಿರುಗುತ್ತದೆ, ಅದರ ನೀಲಿ ಮಾತ್ರ ಇಲ್ಲೇ ಉಳಿಯುತ್ತದೆ. ಆದರೆ ಆ ಕೆಲಸದಿಂದ ಒಲೆ ಹೊತ್ತಿಸುವ ಮನೆಗಳೂ ಅದೇ ಓಣಿಗಳಲ್ಲಿವೆ. ಹಾಗಾಗಿ ಆ ಅರ್ಜಿಗೆ ಸಹಿ ಹಾಕುವವರು ಕಡಿಮೆ.

ವಿಳಾಸ ತಪ್ಪಿದರೆ ಅರ್ಜಿ ಕಚೇರಿಯೊಳಗೇ ಊರು ಸುತ್ತಿ, "ಸಂಬಂಧಿಸಿದ ಶಾಖೆಗೆ ವರ್ಗಾಯಿಸಲಾಗಿದೆ" ಅಂತ ತಣ್ಣಗಾಗುತ್ತದೆ. ಈಗ ಮೊಬೈಲಿನಲ್ಲಿ ದೂರು ಕೊಡಲು 'ಜನಹಿತ' ಆ್ಯಪ್ ಇದೆ, 1902ಕ್ಕೆ ಫೋನ್ ಮಾಡಿದರೂ ದೂರು ಬರೆದುಕೊಳ್ಳುತ್ತಾರೆ. ನನ್ನ ವ್ಯಾಪಾರಕ್ಕೆ ಏಟು ಬಿತ್ತೇನೋ ಅಂದುಕೊಂಡಿದ್ದೆ, ಬೀಳಲಿಲ್ಲ. ಸೀಲು ಬಿದ್ದ ಕಾಗದ ಕೈಯಲ್ಲಿದ್ದರೇ ನಮ್ಮ ಜನಕ್ಕೆ ಸಮಾಧಾನ.

ವರ್ಷವಿಡೀ ಟೈಪ್ ಮಾಡುವವಳಿಗೆ ಊರಿನ ಪಂಚಾಂಗ ಬಾಯಿಪಾಠವಾಗುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ, ಅಲ್ಲಿಪುರ ಕೆರೆಯ ನೀರೇ ಗತಿ ಆದಾಗ ನಳದ ಅರ್ಜಿ. ಮೊದಲ ಮಳೆ ಬಿದ್ದ ಮರುದಿನ ಚೇಂಬರಿನ ಅರ್ಜಿ, ಅವತ್ತು ಬೆಳಿಗ್ಗೆ ಶಟರ್ ಎತ್ತುವುದಕ್ಕೆ ಮುಂಚೆಯೇ ಜನ ನಿಂತಿರುತ್ತಾರೆ. ಆಮೇಲೆ ಸೊಳ್ಳೆ. ಚಳಿಗಾಲದಲ್ಲಿ ನಾಯಿ.

ಒಂದು ವರ್ಷ ಎಂ.ಎ. ಓದುವ ಹುಡುಗಿಯೊಬ್ಬಳು ದತ್ತ ಮಂಡಲಗಳ ಇತಿಹಾಸದ ಮೇಲೆ ಬರೆದದ್ದನ್ನು ಟೈಪಿಗೆ ತಂದಳು. ದತ್ತ ಮಂಡಲ ಅಂದರೆ 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆ, ನಮ್ಮ ಬಳ್ಳಾರಿಯೂ ಸೇರಿ. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ ಏಳು ವರ್ಷ ಈ ಬಿಸಿಲಿನಲ್ಲಿ ಕುದುರೆ ಮೇಲೆ ತಿರುಗಿ ಕಂದಾಯ ಗೊತ್ತು ಮಾಡಿದ. ಮುಂದೆ ಮದ್ರಾಸಿನ ಗವರ್ನರ್ ಆದ. ಊರಿಗೆ ಮರಳುವ ಮುಂಚೆ ಒಮ್ಮೆ ಹಳೆಯ ಸೀಮೆ ನೋಡಿಕೊಂಡು ಹೋಗೋಣ ಅಂತ ಬಂದವನಿಗೆ ಪತ್ತಿಕೊಂಡದಲ್ಲಿ ಕಾಲರಾ ಹತ್ತಿತು. 1827ರ ಜುಲೈ 6, ಬೆಳಿಗ್ಗೆ ಹತ್ತಿದ ರೋಗ, ರಾತ್ರಿಯೊಳಗೆ ಗವರ್ನರ್ ಇಲ್ಲ. ಈ ಭಾಗದಲ್ಲಿ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಡುತ್ತಿದ್ದರಂತೆ.

ಅದನ್ನು ಟೈಪ್ ಮಾಡುವಾಗ ನನಗೆ ಕೌತುಕವಾದದ್ದು ಬೇರೆ. ಆಗ ಕಾಲರಾ ಹೇಗೆ ಬರುತ್ತದೆಂದು ಗವರ್ನರನ ವೈದ್ಯನಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ, ಕೊಳೆತದ್ದರ ನಾತದಿಂದ ರೋಗ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ಮಲೇರಿಯಾ ಅನ್ನುವ ಪದಕ್ಕೆ ಇಟಲಿಯ ಮಾತಿನಲ್ಲಿ 'ಕೆಟ್ಟ ಗಾಳಿ' ಅಂತಲೇ ಅರ್ಥ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಲೆಕ್ಕ ಹಾಕಿ, ಬಹುತೇಕ ಎಲ್ಲರೂ ಒಂದೇ ಕೈಪಂಪಿನ ನೀರು ಕುಡಿದವರು ಅಂತ ತೋರಿಸಿದ. ಪಂಪಿನ ಹಿಡಿ ಕಳಚಿಟ್ಟರು. ಆದರೂ ಅವನ ಮಾತು ಒಪ್ಪಲು ಜನಕ್ಕೆ ಎಷ್ಟೋ ವರ್ಷ ಹಿಡಿಯಿತು. ಇನ್ನು ಮಲೇರಿಯಾದ ಗುಟ್ಟು ಸಿಕ್ಕಿದ್ದು ನಮ್ಮ ಕಡೆಯೇ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ರೋಗಾಣು ಕಂಡ.

ಅಂದರೆ ಗಾಳಿಯ ಸಿದ್ಧಾಂತ ಬಿದ್ದುಹೋಗಿ ನೂರು ವರ್ಷದ ಮೇಲಾಯಿತು. ನನ್ನ ಫೋಲ್ಡರಿನಲ್ಲಿ ಮಾತ್ರ ಅದು ಇನ್ನೂ ಗಟ್ಟಿಮುಟ್ಟಾಗಿದೆ: ದುರ್ವಾಸನೆಯಿಂದ ಸಾಂಕ್ರಾಮಿಕ ರೋಗ ಹರಡುವ ಭೀತಿ. ಅವತ್ತು ನಗು ಬಂತು. ಸಾಲನ್ನು ತೆಗೆಯಲಿಲ್ಲ.

ಮುಂದಿನದು 2024ರ ಆಗಸ್ಟಿನ ಮಾತು. ಹತ್ತನೇ ತಾರೀಕು ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮು ಖಾಲಿಯಾಗುತ್ತದಂತೆ ಅನ್ನುವ ಸುದ್ದಿ ಬೆಳಗಾಗುವಷ್ಟರಲ್ಲಿ ಊರೆಲ್ಲ ಹಬ್ಬಿತು. ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಇಳಿಸಿ ಬಾಯಿ ಮುಚ್ಚಿದರು, ಅದು ಸಣ್ಣ ಸಾಹಸವಲ್ಲ. ಆದರೆ ಆ ವಾರದಲ್ಲಿ ನಮ್ಮ ಓಣಿಯವರು ಮಾಡಿದ್ದು ಡ್ರಮ್ಮು ಕೊಂಡದ್ದು. ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ನಮ್ಮ ಮನೆಯಲ್ಲಿ ಮೊದಲೇ ಮೂರಿದ್ದವು, ಸಿಂಟೆಕ್ಸ್ ಬೇರೆ. ನಮ್ಮ ಅತ್ತೆ ಹಟ ಹಿಡಿದು ಇನ್ನೆರಡು ತರಿಸಿದರು. ಬರಗಾಲ ನೋಡಿದ ಜೀವ, ಖಾಲಿ ಕೊಡ ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ. ಆಗ ನಮ್ಮ ಓಣಿಗೆ ನಳ ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡು ಗಂಟೆಯ ಮೇಲೆ.

ಅದೇ ಹೊತ್ತಿಗೆ ಸೊಳ್ಳೆ ಅರ್ಜಿಗಳು ಒಂದರ ಹಿಂದೊಂದು. ನಮ್ಮ ಓಣಿಯದನ್ನು ನಾನೇ ಬರೆದೆ, ದುಡ್ಡು ತೊಗೊಳ್ಳದೆ. ಕಂಬದ ನಂಬರ್ ಹಾಕಿದೆ, ಎದುರಿನ ಖಾಲಿ ಸೈಟಿನ ಕಸ, ಹೂಳು ತುಂಬಿದ ಮೋರಿ, ಎಲ್ಲ ಅಚ್ಚುಕಟ್ಟಾಗಿ ಬರೆದು ನಲವತ್ತೊಂದು ಸಹಿ ಮಾಡಿಸಿದೆ. ಮೂರನೇ ದಿನ ಸಂಜೆ ಹೊಗೆ ಗಾಡಿ ಬಂತು. ಗುರುಗುರು ಸದ್ದು, ಬಿಳಿ ಮೋಡ, ಹಿಂದೆ ಕೂಗುತ್ತ ಓಡುವ ಮಕ್ಕಳು. ನನ್ನ ಸಣ್ಣ ಮಗನೂ ಓಡಿದ. ಅರ್ಜಿ ಗೆದ್ದಿತೆಂದು ಓಣಿಯ ಹೆಂಗಸರು ನನಗೆ ಶಹಬ್ಬಾಸ್ ಅಂದರು.

ಐದು ದಿನಕ್ಕೆ ಮಗನಿಗೆ ಜ್ವರ.

ಡೆಂಗೆ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು, ಎನ್‌ಎಸ್‌1 ಪಾಸಿಟಿವ್. ಪ್ಲೇಟ್‌ಲೆಟ್ ಎಷ್ಟು ಅನ್ನುವುದೊಂದೇ ಮನೆಯಲ್ಲಿ ಮಾತು. ಪಪ್ಪಾಯಿ ಎಲೆಯ ರಸ ಕುಡಿಸು ಅಂತ ದಿನಕ್ಕೆ ಹತ್ತು ಜನ. ಡಾಕ್ಟರು ಹೇಳಿದ್ದು ಬೇರೆ: ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಕೊಡಬೇಡಿ, ರಕ್ತಸ್ರಾವ ಹೆಚ್ಚುತ್ತದೆ, ನೀರು, ಗಂಜಿ, ಓಆರ್‌ಎಸ್ ನಿಲ್ಲಿಸಬೇಡಿ, ಜ್ವರ ಇಳಿಯಿತೆಂದು ಕಣ್ಣು ಮುಚ್ಚಬೇಡಿ, ಈ ರೋಗದಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಗಂಡಾಂತರ. ಜ್ವರ ಬಿಟ್ಟಿತಲ್ಲ ಅಂತ ನಾನು ಆ ಹೊತ್ತಿಗೆ ದೇವರಿಗೆ ಕಾಯಿ ಒಡೆಸಲು ಹೊರಟಿದ್ದೆ. ವಾಪಸು ಬಂದು ಅವನ ಹಾಸಿಗೆಯ ಪಕ್ಕ ಕೂತೆ. ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ ಇವನ್ನು ಕಾಯುತ್ತ ಎರಡು ರಾತ್ರಿ. ಪುಣ್ಯಕ್ಕೆ ಏನೂ ಆಗಲಿಲ್ಲ.

ಅವನು ಎದ್ದು ಒಗ್ಗಾಣಿ ಕೇಳಿದ ದಿನವೇ ಆಶಾ ಕಾರ್ಯಕರ್ತೆ ಮತ್ತು ಒಬ್ಬ ಹಿರಿಯ ಆರೋಗ್ಯ ನಿರೀಕ್ಷಕರು ಬಾಗಿಲಿಗೆ ಬಂದರು. ಡೆಂಗೆ ಬಂದ ಮನೆ, ಅದರ ಸುತ್ತಲಿನ ಮನೆ ನೋಡುವುದು ಅವರ ಕ್ರಮ. ನಾನು ತಯಾರಾಗಿಯೇ ಇದ್ದೆ. ಎದುರಿನ ಖಾಲಿ ಸೈಟು ತೋರಿಸಿದೆ, ಮೋರಿ ತೋರಿಸಿದೆ, ನನ್ನ ಅರ್ಜಿಯ ಸ್ವೀಕೃತಿ ಪ್ರತಿಯನ್ನೂ ತಂದು ಹಿಡಿದೆ. ನಿರೀಕ್ಷಕರು ಮೋರಿಯ ಕಡೆ ಒಮ್ಮೆ ನೋಡಿ, "ಅದರಾಗಿರೋದು ಬ್ಯಾರೆ ಸೊಳ್ಳಿ ಅಮ್ಮಾ. ರಾತ್ರಿ ಕಡೀತಾವು, ಕಾಲಿಗೆ ಕಡೀತಾವು, ಆನೆಕಾಲು ತರ್ತಾವು. ನಿಮ್ಮ ಹುಡುಗನ ಸೊಳ್ಳಿ ಒಳಗೈತಿ" ಅಂದರು.

ಆಶಾಕ್ಕ ಸೀದಾ ಬಚ್ಚಲಿನ ಪಕ್ಕದ ಡ್ರಮ್ಮಿಗೆ ಹೋದಳು. ಮುಚ್ಚಳ ಇತ್ತು, ಆದರೆ ಪೈಪು ಬಿಡಲು ನಾವೇ ಒಂದು ಕಡೆ ಕತ್ತರಿಸಿದ್ದೆವು. ಟಾರ್ಚು ಬಿಟ್ಟಳು. ನೀರು ಕನ್ನಡಿಯ ಹಾಗಿತ್ತು, ನನ್ನ ಮುಖ ಕಾಣುತ್ತಿತ್ತು. "ಏನೂ ಇಲ್ಲಲ್ಲ" ಅಂದೆ. ಅವಳು ಮಾತಾಡಲಿಲ್ಲ, ಬಿಳಿ ಪ್ಲಾಸ್ಟಿಕ್ ಮಗ್ಗಿನಲ್ಲಿ ಮೇಲಿನ ನೀರು ಮೊಗೆದು ನನ್ನ ಕೈಗೇ ಕೊಟ್ಟಳು. ಮೊದಲು ಕಸದ ಎಳೆ ಅಂದುಕೊಂಡೆ. ಆಮೇಲೆ ಒಂದು ಎಳೆ ಡೊಂಕಾಗಿ ನೆಟ್ಟಗಾಗಿ ಕೆಳಗಿಳಿಯಿತು. ಏಳೋ ಎಂಟೋ ಇದ್ದವು. ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆ ಕೆಳಗಾಗಿ ನೇತುಬಿದ್ದಿದ್ದವು. ಆ ಬಾಲದಲ್ಲೇ ಉಸಿರಾಟವಂತೆ. ನನ್ನ ತಲೆಯ ನೆರಳು ಬಿದ್ದದ್ದೇ ತಡ, ಎಲ್ಲವೂ ಕೊಂಕುತ್ತ ತಳಕ್ಕೆ ಓಡಿದವು. ನಾಲ್ಕು ದಿನ ಆ ನೀರಿನಲ್ಲೇ ಬಟ್ಟೆ ಅದ್ದಿ ಮಗನ ಹಣೆ ಒರೆಸಿದ್ದೆ.

ವಾಸನೆ? ಮೂಗಿನ ಹತ್ತಿರ ಹಿಡಿದು ನೋಡಿದೆ. ಏನೂ ಇಲ್ಲ. ಒಳ್ಳೆ ನೀರಿನ ವಾಸನೆ.

ಡೆಂಗೆ ತರುವ ಈಡಿಸ್ ಸೊಳ್ಳೆಗೆ ಕೊಳಕು ಬೇಡ, ನಮ್ಮ ಹಾಗೆ ತಿಳಿನೀರೇ ಬೇಕು. ಹಗಲು ಕಡಿಯುತ್ತದೆ. ಮೊಟ್ಟೆ ಇಡುವುದು ನೀರಿನೊಳಗಲ್ಲ, ನೀರು ಮುಟ್ಟುವ ಅಂಚಿನ ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೇ ಡ್ರಮ್ಮು ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಲ್ಲಿ ತಿಕ್ಕಬೇಕು. ಹೊಗೆ ಗಾಡಿಯ ಬಗ್ಗೆ ಕೇಳಿದ್ದಕ್ಕೆ ನಿರೀಕ್ಷಕರು ಕೈ ಆಡಿಸಿದರು: "ಹಾರೋದು ಸಾಯ್ತಾವು, ಅವೂ ಎದುರಿಗೆ ಸಿಕ್ಕಿದ್ದು. ಮಗ್ಗಿನಾಗಿರೋವಕ್ಕೆ ಹೊಗೆ ಏನ್ ಮಾಡ್ತೈತಿ? ಜನ ಕೇಳ್ತಾರ, ನಾವ್ ಬಿಡ್ತೀವಿ. ಸದ್ದು ಬರ್ತೈತಲ್ಲ, ಕೆಲಸ ಆದಂಗ ಕಾಣ್ತೈತಿ."

ಮೊಟ್ಟೆ ಸೊಳ್ಳೆಯಾಗಿ ಹಾರಲು ನಮ್ಮ ಸೆಕೆಯಲ್ಲಿ ಎಷ್ಟು ದಿನ ಅಂತ ಕೇಳಿದೆ.

"ಏಳೆಂಟು ದಿನ ಸಾಕು. ಅದಕ್ಕೇ ವಾರಕ್ಕೊಂದಿನ ಡ್ರೈ ಡೇ ಮಾಡ್ರಿ ಅಂತೀವಿ. ಎಲ್ಲಾ ಚೆಲ್ಲಿ, ತಿಕ್ಕಿ, ಒಣಗಿಸಿ ಮತ್ ತುಂಬ್ರಿ."

"ನಳ ಎಷ್ಟು ದಿನಕ್ಕೆ ಬರ್ತದೆ ಗೊತ್ತೇನ್ರೀ ನಿಮಗೆ?"

ಅವರಿಗೆ ಗೊತ್ತಿತ್ತು. ಅವರ ಮನೆಯೂ ಇದೇ ಊರಿನಲ್ಲಿದೆ. ಎಂಟು ದಿನಕ್ಕೊಮ್ಮೆ ಬರುವ ನೀರನ್ನು ಏಳನೇ ದಿನ ಚೆಲ್ಲು ಅಂದರೆ ನಮ್ಮ ಅತ್ತೆ ಚೆಲ್ಲುತ್ತಾರೆಯೇ? ನಳದ ಸರದಿ, ಸೊಳ್ಳೆಯ ಸರದಿ ಎರಡೂ ಒಂದೇ. ಒಂದು ಸರದಿಯ ನೀರು ತೀರುವಷ್ಟರಲ್ಲಿ ಒಂದು ತಲೆಮಾರು ಸೊಳ್ಳೆ ರೆಕ್ಕೆ ಬಲಿತು ಎದ್ದು ಹೋಗಿರುತ್ತದೆ. ಆಶಾಕ್ಕ ಬಳಸುವ ನೀರಿಗೆ ಸೊಳ್ಳೆಮರಿ ಕೊಲ್ಲುವ ಅಬೇಟ್ ಔಷಧಿ ಹನಿಸಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಹೋದಳು. ಹೋಗುವಾಗ, "ಅಕ್ಕ, ಮುಚ್ಚಳದ ಮ್ಯಾಲೆ ಹಳೇ ವೇಲ್ ಹೊದಿಸಿ ಸೈಕಲ್ ಟ್ಯೂಬಿಲೆ ಬಿಗೀರಿ. ಅದಕ್ಕಿಂತ ಔಷಧ ಇಲ್ಲ" ಅಂದಳು. ಅವಳ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ದಿನಕ್ಕೆ ಇನ್ನೂ ಮೂವತ್ತು ಚಿಲ್ಲರೆ ಮನೆ ಉಳಿದಿದ್ದವು.

ಅದಾಗಿ ಕೆಲವೇ ದಿನಕ್ಕೆ, ಸೆಪ್ಟೆಂಬರ್ ಮೊದಲ ವಾರದ ಪೇಪರಿನಲ್ಲಿ ಬಂತು: ಸರ್ಕಾರ 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಡೆಂಗೆಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದೆ. ಸೊಳ್ಳೆ ಹುಟ್ಟಲು ಬಿಟ್ಟರೆ ದಂಡ, ಊರಲ್ಲಿ ಮನೆಗೆ 400, ಹಳ್ಳಿಯಲ್ಲಿ 200, ಪಟ್ಟಣದ ಅಂಗಡಿ, ಹೋಟೆಲಿಗೆ 1,000, ಕಟ್ಟಡ ಕಟ್ಟುವ ಜಾಗಕ್ಕೆ 2,000. ಕಟ್ಟಡದವರಿಗೆ ಹಾಕಲಿ, ಇನ್ನೂ ಹಾಕಲಿ. ನೀರು ನಿಲ್ಲಿಸಿದ ಲಿಫ್ಟ್ ಗುಂಡಿಗೆ ನೆಪ ಇಲ್ಲ. ಆದರೆ ಎರಡು ಗಂಟೆ ರಾತ್ರಿಗೆದ್ದು ಐದು ಡ್ರಮ್ಮು ತುಂಬಿಸುವ ಹೆಂಗಸಿಗೆ 400 ರೂಪಾಯಿ ದಂಡ ಅಂದರೆ ನನಗೆ ಒಪ್ಪಿಗೆ ಇಲ್ಲ. ಆ ಡ್ರಮ್ಮು ಅವಳ ಸೋಮಾರಿತನವಲ್ಲ. ದಿನಾ ಒಂದು ಗಂಟೆ ನಳ ಬಂದರೆ ಡ್ರಮ್ಮಿನಲ್ಲಿ ಅವಳು ಅಕ್ಕಿ ತುಂಬುತ್ತಾಳೆ. ಸೊಳ್ಳೆಯ ದೂರು ಅಂತ ನಾನು ಹದಿಮೂರು ವರ್ಷ ಆರೋಗ್ಯ ಶಾಖೆಯ ಕಿಟಕಿಗೆ ಕಳಿಸಿದ್ದು ಅರ್ಧಕ್ಕರ್ಧ ನೀರಿನ ದೂರು. ಬಾಂಡ್ ರೈಟರ್ ಮಾವ ಇದ್ದಿದ್ದರೆ ಕನ್ನಡಕ ಇಳಿಸಿ, ವಿಳಾಸ ತಪ್ಪಿದೆ ತಂಗಿ ಅನ್ನುತ್ತಿದ್ದರು.

ಅಲ್ಲ, ಕತ್ತರಿಸಿದ ಮುಚ್ಚಳ ನನ್ನದೇ. ಅದನ್ನೂ ಹೇಳಬೇಕು. ಮೋಟರಿನದನ್ನೂ.

ನಮ್ಮ ಓಣಿಯಲ್ಲಿ ನಳ ಬಂದೊಡನೆ ಪ್ರತಿ ಮನೆಯಲ್ಲೂ ಅರ್ಧ ಎಚ್‌ಪಿ ಮೋಟರು ಗುಂಯ್ ಅನ್ನುತ್ತದೆ, ನೇರ ಪೈಪಿಗೆ ಹಚ್ಚಿ ಎಳೆಯುವುದು. ಕಾನೂನಿಗೆ ವಿರುದ್ಧ ಅಂತ ಗೊತ್ತು, ಎದುರು ಮನೆಯವರು ಹಚ್ಚಿದ ಮೇಲೆ ನಾವು ಹಚ್ಚದಿದ್ದರೆ ಬರೀ ಗಾಳಿ ಬರುತ್ತದೆ. 2022ರಲ್ಲಿ ಪಕ್ಕದ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ಬಂದಾಗ ನನ್ನ ಅಂಗಡಿಗೆ ಒಂದು ವಾರ 'ನೀರು ಪರೀಕ್ಷೆ ಮಾಡಿಸುವ ಕುರಿತು' ಅರ್ಜಿಗಳದೇ ಸುಗ್ಗಿ. ಆಗ ನೀರು ಸರಬರಾಜಿನ ಒಬ್ಬ ವಾಲ್‌ಮನ್ ಅಣ್ಣ ಜೆರಾಕ್ಸಿಗೆ ಬಂದವನು ಕೂತು ವಿವರಿಸಿದ್ದ. ದಿನವಿಡೀ ನೀರು ಹರಿಯುವ ಪೈಪಿನೊಳಗೆ ಒತ್ತಡ ಇರುತ್ತದೆ, ಸೀಳಿದ್ದರೆ ನೀರು ಹೊರಗೆ ಹೋಗುತ್ತದೆಯೇ ಹೊರತು ಕೊಳೆ ಒಳಗೆ ಬರುವುದಿಲ್ಲ. ನಮ್ಮ ಪೈಪು ವಾರವೆಲ್ಲ ಖಾಲಿ. ಪಕ್ಕದಲ್ಲೇ ಮೋರಿ. ಸೀಳಿದ್ದಲ್ಲಿ ಮೋರಿಯ ನೀರು ನಿಧಾನಕ್ಕೆ ಒಳಗಿಳಿದು ಕೂರುತ್ತದೆ. ಮೇಲೆ ನಮ್ಮ ಮೋಟರು ಹೀರಿದರೆ ಇನ್ನೂ ಸಲೀಸು. ಮೊದಲ ಹತ್ತು ನಿಮಿಷದ ನೀರು ಮಣ್ಣು ಬಣ್ಣಕ್ಕೆ ಇರುತ್ತದಲ್ಲ, ಅದು ಬರೀ ಮಣ್ಣಲ್ಲ ಅಕ್ಕ, ಅಂದ.

ಟ್ಯಾಂಕಿನಲ್ಲಿ ಕ್ಲೋರಿನ್ ಹಾಕಿದ್ದು ಕೊನೆಯ ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಅನ್ನುವುದು ಲೆಕ್ಕ. ನೀರಿಗೆ ಕ್ಲೋರಿನ್ ಪರೀಕ್ಷೆಯ ದ್ರಾವಣದ ಹನಿ ಹಾಕಿದರೆ ಹಳದಿಯಾಗಬೇಕು, ಬಣ್ಣ ಬರದಿದ್ದರೆ ಕ್ಲೋರಿನ್ ಇಲ್ಲ ಅಂತ. ಮೊದಲ ಮನೆಯಲ್ಲಿ ಹಳದಿ ಬಂದದ್ದು ಕೊನೆಯ ಮನೆಯಲ್ಲಿ ಬಾರದೆ ಇರುವುದುಂಟು, ದಾರಿಯಲ್ಲಿ ಸೇರಿದ ಕೊಳೆ ಕ್ಲೋರಿನ್ನನ್ನು ತಿಂದಿರುತ್ತದೆ. ಅಂದಿನಿಂದ ನೀರಿನ ಅರ್ಜಿಯಲ್ಲಿ ನಾನು "ಓಣಿಯ ಕೊನೆಯ ಮನೆಯ ನಳದಿಂದ ಮಾದರಿ ಪಡೆದು" ಅಂತ ಸೇರಿಸುತ್ತೇನೆ. ಇದಕ್ಕೆ ಬೇರೆ ದುಡ್ಡು ಇಲ್ಲ.

ನಮ್ಮ ಅಂಗಡಿಗೆ ಬರುವ ವಕೀಲರೊಬ್ಬರು ಒಂದು ಹಳೆಯ ತೀರ್ಪು ಜೆರಾಕ್ಸ್ ಮಾಡಿಸಿದ್ದರು. ಒಂದು ಪ್ರತಿ ನಾನೂ ಇಟ್ಟುಕೊಂಡೆ. ಮಧ್ಯಪ್ರದೇಶದ ರತ್ಲಾಂ ಊರಿನ ಒಂದು ವಾರ್ಡಿನವರು ಮೋರಿ ಇಲ್ಲ, ಜನ ಬೀದಿಯಲ್ಲೇ ಬಹಿರ್ದೆಸೆಗೆ ಕೂರುತ್ತಾರೆ, ಮದ್ಯದ ಕಾರ್ಖಾನೆಯ ಹೊಲಸು ನೀರು ಹರಿಯುತ್ತದೆ ಅಂತ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ನಗರಸಭೆ ನಮ್ಮಲ್ಲಿ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟಿನವರೆಗೆ ವಾದಿಸಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು: ದುಡ್ಡಿಲ್ಲ ಅನ್ನುವುದು ಉತ್ತರವಲ್ಲ, ಜನರ ಆರೋಗ್ಯ ಕಾಪಾಡುವುದಕ್ಕೇ ನಗರಸಭೆ ಇರುವುದು. ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರ ಕೊಟ್ಟಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಈಗ ಹೊಸ ಸಂಹಿತೆಯಲ್ಲಿ 152 ಆಗಿದೆ. ಆ ತೀರ್ಪು ಓದಿದಾಗ ನನಗೆ ಇಷ್ಟವಾದದ್ದು ಕಾನೂನಿಗಿಂತ, ಒಂದು ಮೋರಿಯ ದೂರು ಅಷ್ಟು ದೂರ ನಡೆದುಕೊಂಡು ಹೋಯಿತಲ್ಲ ಎಂಬುದು. ಮೊದಲನೇ ಕಾಗದವನ್ನು ಯಾರೋ ಬರೆದುಕೊಟ್ಟಿರಬೇಕು. ಎಷ್ಟು ತೊಗೊಂಡಿದ್ದರೋ.

ಮಗ ಶಾಲೆಗೆ ಹೋಗಲು ಶುರುಮಾಡಿದ ವಾರ ನಾನು ಹೊಸ ಅರ್ಜಿ ಬರೆದೆ. ವಿಷಯ: ಸೊಳ್ಳೆಗಳ ಹಾವಳಿ ತಡೆಯಲು ನಾಲ್ಕು ದಿನಕ್ಕೊಮ್ಮೆ ನಳದ ನೀರು ಬಿಡುವ ಕುರಿತು. ನೀರು ಸರಬರಾಜು ವಿಭಾಗಕ್ಕೆ, ಪ್ರತಿ ಆರೋಗ್ಯ ಶಾಖೆಗೆ. ಟಪಾಲು ತೊಗೊಳ್ಳುವ ಹುಡುಗ ಎರಡು ಸಲ ಓದಿದ. "ಅಕ್ಕ, ಇದು ಸೊಳ್ಳಿದೋ ನೀರಿಂದೋ?" ಎರಡೂ ಅಂದೆ. ಎರಡೂ ಅನ್ನುವುದಕ್ಕೆ ಅವನ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಕೊನೆಗೆ ಎರಡು ಪ್ರತಿಗೂ ಬೇರೆ ಬೇರೆ ಇನ್‌ವರ್ಡ್ ನಂಬರ್ ಹೊಡೆದುಕೊಟ್ಟ. ಆರೋಗ್ಯ ಶಾಖೆಯಿಂದ ಹದಿನೈದು ದಿನಕ್ಕೆ ಉತ್ತರ ಬಂತು: ಸದರಿ ಓಣಿಯಲ್ಲಿ ಫಾಗಿಂಗ್ ಮಾಡಿಸಲಾಗಿದೆ. ನೀರಿನವರದು ಕಾಗದದಲ್ಲಿ ಬರಲಿಲ್ಲ. ದಸರೆಯ ಹೊತ್ತಿಗೆ ನಳ ಆರು ದಿನಕ್ಕೆ ಬರಲು ಹತ್ತಿತು. ಕೆರೆ ತುಂಬಿದ್ದಕ್ಕೋ ಅರ್ಜಿಗೋ ಕೇಳಬೇಡಿ.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ, ಗಿರಾಕಿ ಇಲ್ಲದಾಗ, ಹಳೆಯ ಮಾದರಿ ತೆರೆದು ಆ ಸಾಲು ಅಳಿಸಿದೆ. ದುರ್ವಾಸನೆಯಿಂದ ಅನ್ನುವ ಜಾಗದಲ್ಲಿ ಬೇರೆ ಎರಡು ಸಾಲು ಬರೆದೆ, ಚೇಂಬರ್ ಉಕ್ಕಿದ ಜಾಗದಿಂದ ನಳದ ಪೈಪು ಎಷ್ಟು ಅಡಿ ದೂರ ಇದೆ ಅಂತ ತುಂಬಲು ಖಾಲಿ ಬಿಟ್ಟು. ಚೆನ್ನಾಗಿ ಬಂತು ಅನ್ನಿಸಿತು.

ಮರುದಿನ ಕೌಲ್ ಬಜಾರ್ ಕಡೆಯ ಒಬ್ಬ ಹಿರಿಯರು ಚೇಂಬರ್ ಅರ್ಜಿಗೆ ಬಂದರು. ಪೈಪಿನ ಅಳತೆ ಕೇಳಿದ್ದಕ್ಕೆ ಹೋಗಿ ಹೆಜ್ಜೆ ಹಾಕಿ ಎಣಿಸಿ ಬಂದರು, ಮೂರು ಅಡಿ. ಪ್ರಿಂಟ್ ತೆಗೆದುಕೊಟ್ಟೆ. ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಓದಿದರು, ಮತ್ತೆ ಓದಿದರು.

"ಎಲ್ಲಾ ಸರಿ ಐತಮ್ಮ. ಆ ರೋಗ ಹರಡುವ ಭೀತಿ ಅಂತ ಒಂದು ಮಾತು ಇರ್ತಿತ್ತಲ್ಲ, ವಾಸನೀದು, ಅದೆಲ್ಲಿ?"

ವಾಸನೆಯಿಂದ ರೋಗ ಬರುವುದಿಲ್ಲ ಅಜ್ಜಾರೆ ಅಂತ ಹೇಳಲು ಹೋದೆ. ಸ್ನೋ, ಪಂಪು, ಮನ್ರೋ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಕಾಗದ ವಾಪಸು ನನ್ನ ಮುಂದಿಟ್ಟರು.

"ಇರಬೌದಮ್ಮ. ಆದ್ರ ನಾವು ಅದರ ಮುಂದ ಕುಂತು ಉಣ್ತೀವಿ. ಆ ಮಾತು ಹಾಕು."

ಕಂಟ್ರೋಲ್ ಒತ್ತಿ ಹಿಡಿದು ಹಳೆಯ ಅರ್ಜಿಯಿಂದ ಎತ್ತಿ ತಂದು ಅಂಟಿಸಿದೆ. ಪೈಪಿನ ಮೂರು ಅಡಿಯ ಕೆಳಗೆ, ಸಹಿಯ ಮೇಲೆ. ಎರಡನೇ ಪ್ರಿಂಟಿಗೆ ದುಡ್ಡು ತೊಗೊಳ್ಳಲಿಲ್ಲ.